ಬೇಲಿಯಾಚೆಯ ಆರು ಬಳ್ಳಿ

ಗಂಡನ ಸಮಾಧಿಯ ಮೇಲಿನ ಕಲ್ಲು ಕಾಣೆಯಾಗಿದ್ದ ಆ ಸೋಮವಾರ ಬೆಳಿಗ್ಗೆ ಗುರುಸಿದ್ದಮ್ಮ ಬಿಲ್ವಪತ್ರೆಯ ಬುಟ್ಟಿಯನ್ನು ತುಂಬಿದ್ದು ತುಂಬಿದ ಹಾಗೇ ಹಿಡಿದುಕೊಂಡು ಮನೆಗೆ ವಾಪಸು ಬಂದಳು. ಅಡುಗೆಮನೆಯಲ್ಲಿ ಸೊಸೆ ಸುಧಾ ಕಡುಬು ಬೇಯಿಸುತ್ತಿದ್ದಳು. ಮಗ ನಾಗಾರ್ಜುನ ಹೊಸ್ತಿಲ ಬಳಿ ಕೂತು ತೋಟಕ್ಕೆ ಹೊರಡಲು ಗಂಬೂಟು ಹಾಕಿಕೊಳ್ಳುತ್ತಿದ್ದ.

“ನಿಮ್ಮಪ್ಪನ ಕಲ್ಲೆಲ್ಲೋ?”

“ಯಾವ ಕಲ್ಲವ್ವ?”

“ನಿಮ್ಮಪ್ಪನಿಗೆ ಎಷ್ಟು ಕಲ್ಲಿದ್ವು? ಇದ್ದಿದ್ದೇ ಒಂದು.”

ನಂಜಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಮ್ಮವರ ಪದ್ಧತಿಯಂತೆ ಅವನನ್ನು ಕೂರಿಸಿ, ಸ್ವಂತ ತೋಟದ ಮೂಲೆಯಲ್ಲೇ, ಬೇಲಿಗೆ ಹತ್ತಿರ ಮಣ್ಣು ಮಾಡಿದ್ದರು. ಮೇಲೊಂದು ಕರಿಕಲ್ಲು, ಅದರಲ್ಲಿ ಲಿಂಗದ ಗುರುತು, ಗುರುತಿನ ಕೆಳಗೆ ಹೆಸರು. ಬೇಲಿಯಾಚೆಯದು ನವೀನ್‌ಕುಮಾರನ ತೋಟ. ನಂಜಪ್ಪನ ಚಿಕ್ಕಪ್ಪನ ಮೊಮ್ಮಗ ಅವನು. ಗುರುಸಿದ್ದಮ್ಮನನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ. ಎರಡು ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದ. ಗೆಸ್ಟ್‌ಗಳ ಕಾರು ತಿರುಗಲು ದಾರಿ ಸಾಲದೆಂದು ಶನಿವಾರ ಜೆಸಿಬಿ ತರಿಸಿದ್ದ. ಆ ಜೆಸಿಬಿ ಬೇಲಿಯನ್ನು ಬಗ್ಗಿಸಿ, ಸಮಾಧಿಯ ಅಂಚು ಕೆರೆದು, ಕಲ್ಲನ್ನೂ ಮಣ್ಣಿನೊಂದಿಗೆ ತಳ್ಳಿಕೊಂಡು ಹೋಗಿತ್ತು.

ಗುರುಸಿದ್ದಮ್ಮ ಅವನ ಅಂಗಳಕ್ಕೇ ಹೋಗಿ ಕೇಳಿದಳು.

“ಅಯ್ಯೋ ದೊಡ್ಡಮ್ಮ, ಡ್ರೈವರ್ ಹೊಸಬ. ನಾನು ಪೇಟೆಗೆ ಹೋಗಿದ್ದೆ” ಎಂದ ನವೀನ. “ಹುಡುಕಿಸ್ತೀನಿ. ಸಿಗದಿದ್ರೆ ಹೊಸದೇ ಹಾಕಿಸ್ತೀನಿ. ಗ್ರಾನೈಟ್‌ದು, ಪಾಲಿಶ್ ಮಾಡಿದ್ದು.”

“ನಿಮ್ಮ ದೊಡ್ಡಪ್ಪ ಬಚ್ಚಲುಮನೇಲಿ ಕೂತಿಲ್ಲ ಕಣೋ, ಪಾಲಿಶ್ ಕಲ್ಲು ಹಾಕೋಕೆ. ಅದೇ ಕಲ್ಲು ಬರಬೇಕು. ನಿನ್ನ ಕೈಯಲ್ಲೇ ಕೂರಿಸಿ ಕೈ ಮುಗೀಬೇಕು.”

“ಆಯ್ತು ಬಿಡಿ ದೊಡ್ಡಮ್ಮ, ಆಯ್ತು” ಎಂದವನು ಕಿವಿಗೆ ಫೋನ್ ಹಿಡಿದು ಆಚೆ ತಿರುಗಿದ.

ಆ ಬೆನ್ನು ನೋಡಿಕೊಂಡು ಗುರುಸಿದ್ದಮ್ಮ ಮನೆಗೆ ಬಂದಳು.

ಒಂದು ವಾರ ಕಳೆಯಿತು, ಎರಡಾಯಿತು. ದೀಪಾವಳಿ ಬಂದು ಹೋಯಿತು. ಆ ವರ್ಷ ಮಳೆ ಹಬ್ಬ ದಾಟಿದರೂ ನಿಂತಿರಲಿಲ್ಲ. ಹೋಂಸ್ಟೇಗೆ ಬೆಳಗಿನ ತಿಂಡಿ ಹೋಗುತ್ತಿದ್ದದ್ದು ಸುಧಾಳ ಕೈಯಿಂದ. ದಿನಾ ಅಕ್ಕಿರೊಟ್ಟಿ, ಕಾಯಿಚಟ್ನಿ, ಇಲ್ಲ ಕಡುಬು. ಒಂದು ಬೆಳಿಗ್ಗೆ ಅವಳು ರೊಟ್ಟಿಯ ಡಬ್ಬಿಗೆ ಮುಚ್ಚಳ ಹಾಕುವಾಗ ಗುರುಸಿದ್ದಮ್ಮ ಡಬ್ಬಿಯ ಮೇಲೆ ಕೈಯಿಟ್ಟಳು.

“ಈ ಒಲೆಯಿಂದ ಆ ಕಡೆಗೆ ರೊಟ್ಟಿ ಹೋಗಕೂಡದು.”

“ಅತ್ತೆ, ಹನ್ನೆರಡು ಜನ ಕಾಯ್ತಾ ಕೂತಿದ್ದಾರೆ.”

“ನಿಮ್ಮ ಮಾವನೂ ಕಾಯ್ತಾ ಕೂತಿದ್ದಾರೆ. ತಲೆ ಮೇಲೆ ಕಲ್ಲಿಲ್ಲದೆ.”

“ನಾನೇನು ಜೆಸಿಬಿ ಓಡಿಸಿದ್ನಾ? ಈ ರೊಟ್ಟಿ ದುಡ್ಡಲ್ಲೇ ನಿಮ್ಮ ಮೊಮ್ಮಗಳು ಕಾಲೇಜಿಗೆ ಬಸ್ ಹತ್ತೋದು. ಕೈ ತೆಗೀರಿ ಅತ್ತೆ, ಆರಿ ಹೋಗುತ್ತೆ.”

ಗುರುಸಿದ್ದಮ್ಮ ಕೈ ತೆಗೆದಳು. ಸುಧಾ ಡಬ್ಬಿಯೆತ್ತಿಕೊಂಡು ಹೋದ ಮೇಲೆ ಅವಳೂ ತೋಟಕ್ಕಿಳಿದಳು. ಹೋಂಸ್ಟೇಯ ನೀರಿನ ಪೈಪು ಮೇಲಿನ ಒರತೆಯಿಂದ ಇವರ ತೋಟದೊಳಗೆ ಹಾದು ಹೋಗುತ್ತಿತ್ತು. ಅದರ ವಾಲ್ವ್ ತಿರುಗಿಸಿ, ಪಕ್ಕದ ಕಾಫಿ ಗಿಡದ ಬುಡದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದ ಕೂಗಾಟ ಕೇಳಿಸಿತು. ಯಾರೋ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದರಂತೆ.

ಎರಡು ದಿನ ಹೀಗೇ ಆಯಿತು. ಮೂರನೆಯ ದಿನ ನಾಗಾರ್ಜುನ ಕುಯ್ದ ಕಾಫಿ ಹಣ್ಣಿನ ಮೂಟೆಗಳನ್ನು ಸಿಪ್ಪೆ ಬಿಡಿಸಲು ನವೀನನ ಪಲ್ಪರ್‌ಗೆ ಒಯ್ದರೆ, “ಮಷಿನ್ ಕೆಟ್ಟಿದೆ ಅಣ್ಣ” ಎಂಬ ಉತ್ತರ ಬಂತು. ಕೆಟ್ಟಿದೆ ಎಂದ ಮಷಿನ್ ಒಳಗೆ ಗುರುಗುಡುತ್ತಲೇ ಇತ್ತು. ಹಣ್ಣು ಮೂಟೆಯಲ್ಲೇ ಬಿಸಿಯಾಗಿ, ಹುಳಿವಾಸನೆ ಅಂಗಳಕ್ಕೆಲ್ಲ ಹಬ್ಬಿತು.

“ಏಳು ಮೂಟೆ ಹೋಯ್ತವ್ವ, ಏಳು ಮೂಟೆ!” ನಾಗಾರ್ಜುನ ಊಟದ ತಟ್ಟೆಯ ಮುಂದೆ ಕೂತು ಕೂಗಾಡಿದ. “ನೀನು ಅಲ್ಲಿ ನೀರು ಕಟ್ಟಿದೆ, ಅವನು ಇಲ್ಲಿ ನನ್ನ ಕತ್ತು ಕಟ್ಟಿದ.”

“ನೀರು ಕಟ್ಟಿದ್ದು ಎರಡು ದಿನ. ಕಲ್ಲು ಹೋಗಿ ಇಪ್ಪತ್ತು ದಿನ. ಅದಕ್ಕೆ ನಿನ್ನ ಬಾಯಿ ಇಷ್ಟು ದೊಡ್ಡದಾಗಲಿಲ್ಲ.”

“ಕುಯ್ಲು ಮುಗೀಲಿ, ಮಾತಾಡ್ತೀನಿ ಅಂದೆನಲ್ಲ.”

“ನಿಮ್ಮಪ್ಪ ಸತ್ತಿದ್ದೂ ಕುಯ್ಲಲ್ಲೇ. ಮುಗೀಲಿ, ಆಮೇಲೆ ಮಣ್ಣು ಮಾಡೋಣ ಅಂದ್ಯಾ ಆವತ್ತು?”

ನಾಗಾರ್ಜುನ ತಟ್ಟೆ ತಳ್ಳಿ ಎದ್ದ. ಅವರೆಕಾಳಿನ ಸಾರು ಹಾಗೇ ಉಳಿಯಿತು. ಮರುದಿನ ಅವನೇ ಹೋಗಿ ವಾಲ್ವ್ ತೆರೆದು, ಅದರ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ನವೀನನ ಹತ್ತಿರ ರಾಜಿಯಾಗಿ ಬಂದ. ಪಲ್ಪರ್ ಸರಿಹೋಯಿತು. ಕಲ್ಲಿನ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಆ ಭಾನುವಾರ ಮಧ್ಯಾಹ್ನ ಮೊಮ್ಮಗಳು ಶಾಂಭವಿ ಟಿವಿಯಲ್ಲಿ ಸಿನಿಮಾ ಹಾಕಿದಳು.

“ಥ್ರಿಲ್ಲರ್ ಅಜ್ಜಿ. ಅಕ್ಕಪಕ್ಕದ ಮನೆಯವರ ಜಗಳ. ಭಯ ಆದ್ರೆ ಹೇಳಿ, ಆಫ್ ಮಾಡ್ತೀನಿ.”

“ಹಾಕು ಹಾಕು.”

ಮೊದಲು ಕಸದ ಬುಟ್ಟಿಯ ವಿಷಯಕ್ಕೆ ಮಾತು ಬೆಳೆಯಿತು. ಆಮೇಲೆ ಒಬ್ಬನ ಕಾರಿನ ಗಾಜು ಹೋಯಿತು. ಇನ್ನೊಬ್ಬನ ನಾಯಿ ಹೋಯಿತು. ಕೊನೆಗೆ ಒಬ್ಬ ಪೆಟ್ರೋಲ್ ಕ್ಯಾನು ಹಿಡಿದು, “ನಿನ್ನನ್ನ ಸುಮ್ನೆ ಬಿಡಲ್ಲ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಪಕ್ಕದ ಮನೆಗೆ ಬೆಂಕಿಯಿಟ್ಟ. ಸುಧಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಸಿದ್ದಮ್ಮ ಅವರೆಕಾಯಿ ಸುಲಿಯುತ್ತಲೇ ಇದ್ದಳು.

“ಪೆದ್ದ” ಎಂದಳು.

“ಯಾರಜ್ಜಿ?”

“ಇವನೇ. ಹೇಳ್ಕೊಂಡು ಮಾಡ್ತಾನಲ್ಲ! ಈಗ ನೋಡು, ಪೊಲೀಸರು ಬರ್ತಾರೆ.”

ಐದೇ ನಿಮಿಷಕ್ಕೆ ಪೊಲೀಸರು ಬಂದರು. ಶಾಂಭವಿ ನಕ್ಕು, “ಅಜ್ಜಿ, ನೀವು ಡೈರೆಕ್ಟರ್ ಆಗಬೇಕಿತ್ತು” ಎಂದಳು.

ಮರುದಿನ ಚೋಮಿ ಬಂದಳು. ಎರಡೂ ತೋಟಗಳಲ್ಲಿ ಹಣ್ಣು ಕುಯ್ಯುವವಳು. ಆ ವಾರ ನವೀನನ ಕಡೆ ಇದ್ದಳು. ಹಿತ್ತಿಲಲ್ಲಿ ಕೂತು ಕಾಫಿ ಕುಡಿಯುತ್ತ ಲೋಟ ಕೆಳಗಿಟ್ಟಳು.

“ಅಮ್ಮಾ, ನಾ ಹೇಳ್ದೆ ಅಂತ ಹೇಳಬೇಡಿ. ಅಯ್ಯನ ಕಲ್ಲು ಅಲ್ಲೇ ಇದೆ.”

“ಎಲ್ಲಿ?”

“ಗೆಸ್ಟ್‌ಗಳು ಬೆಂಕಿ ಹಾಕ್ಕೊಂಡು ಕೂರೋ ಜಾಗದಲ್ಲಿ. ಮಗುಚಿ ಹಾಕವ್ರೆ. ಅಡಿಗೆ ಕೈ ಹಾಕಿ ನೋಡ್ದೆ, ಅಕ್ಷರ ಸಿಕ್ತು. ಮೇಲೆ ಕೂತು ಕೋಳಿ ಸುಟ್ಕೊಂಡು ತಿಂತಾರೆ.”

ಗುರುಸಿದ್ದಮ್ಮ ಚೋಮಿಯ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ಸಂಜೆ ಮಗನಿಗೆ ಹೇಳಿದಳು. ನಾಗಾರ್ಜುನ, “ಇನ್ನು ಹದಿನೈದು ದಿನ ಅವ್ವ. ಹಣ್ಣೆಲ್ಲ ಪಲ್ಪ್ ಆಗಿಬಿಡಲಿ. ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬರ್ತೀನಿ” ಎಂದ.

“ಆಯ್ತು” ಎಂದಳು ಗುರುಸಿದ್ದಮ್ಮ. ಅವಳು ಅಷ್ಟು ಬೇಗ ಒಪ್ಪಿದ್ದು ಸುಧಾಳಿಗೆ ಸರಿಬರಲಿಲ್ಲ. ಒಲೆಯ ಮುಂದಿನಿಂದ ತಿರುಗಿ ನೋಡಿದಳು.

ಬುಧವಾರ ಶನಿವಾರಸಂತೆ ಊರಿನಲ್ಲಿ ನೆಂಟರ ಮದುವೆ. ಎರಡೂ ಮನೆಯವರು ಹೋಗಬೇಕಾದದ್ದು. ಗುರುಸಿದ್ದಮ್ಮ ಮಂಡಿನೋವು ಎಂದು ಉಳಿದಳು. ಎಲ್ಲರೂ ಹೊರಟ ಮೇಲೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಎಂದಿನಷ್ಟೇ ಹೊತ್ತು ಪೂಜೆ ಮಾಡಿದಳು. ಹಣೆಗೆ ವಿಭೂತಿ ಧರಿಸಿದಳು. ಒಂದು ರೊಟ್ಟಿ ತಿಂದಳು. ಆಮೇಲೆ ಎಡಗೈಗೆ ಕತ್ತಿ ತೆಗೆದುಕೊಂಡು ಬಗ್ಗಿದ ಬೇಲಿಯನ್ನು ದಾಟಿದಳು.

ಬೇಲಿಗುಂಟ ಎರಡೂ ಕಡೆ ಸಿಲ್ವರ್ ಮರಗಳ ಸಾಲು. ಈ ಕಡೆಯ ಮರಗಳಿಗೆ ಹಬ್ಬಿದ್ದ ಹನ್ನೊಂದು ಮೆಣಸಿನ ಬಳ್ಳಿ ಗುರುಸಿದ್ದಮ್ಮನವು. ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಆ ಸಾಲಿನ ಮೆಣಸು ಅವಳದು ಎಂದು ಮಾವನೇ ಹೇಳಿದ್ದ. ಅಂದಿನಿಂದ ಮನೆಯಲ್ಲಿ ಬೇರೆ ಯಾರೂ ಆ ಬಳ್ಳಿಗೆ ಏಣಿ ಹಾಕಿದವರಲ್ಲ. ಸುಧಾಳ ಓಲೆ, ಶಾಂಭವಿಯ ಕಾಲಿನ ಚೈನು, ನಂಜಪ್ಪನ ಆ ಕಲ್ಲು ಎಲ್ಲವೂ ಆ ಮೆಣಸಿನಿಂದಲೇ ಬಂದಿದ್ದವು. ಆ ಕಡೆಯ ಮರಗಳಲ್ಲಿ ನವೀನನ ಆರು ಬಳ್ಳಿ. ಹಸಿರು ಗೊಂಚಲು ಕೈಯುದ್ದ ಇಳಿಬಿದ್ದಿದ್ದವು.

ಅವಳು ಗೊಂಚಲು ಮುಟ್ಟಲಿಲ್ಲ. ಬುಡದ ತರಗೆಲೆ ಸರಿಸಿದಳು. ಒಂದು ಗೇಣು ಮಣ್ಣು ಬಗೆದಳು. ಮಣ್ಣಿನೊಳಗೇ ಬಳ್ಳಿಯನ್ನು ಓರೆಯಾಗಿ ಒಂದೇ ಏಟಿಗೆ ಕತ್ತರಿಸಿದಳು. ಮಣ್ಣು ಮುಚ್ಚಿ, ತರಗೆಲೆಯನ್ನು ಇದ್ದ ಹಾಗೆ ಹರಡಿದಳು. ಮುಂದಿನ ಮರಕ್ಕೆ ಹೋದಳು. ಆರು ಬಳ್ಳಿ, ಆರು ಏಟು. ನಿಂತು ನೋಡಿದರೆ ಒಂದು ಎಲೆಯೂ ಅಲುಗಿದಂತೆ ಕಾಣಲಿಲ್ಲ.

ಸಂಜೆ ಮದುವೆಯಿಂದ ಬಂದ ಸುಧಾ ಲಾಡು, ಚಿರೋಟಿ ತಟ್ಟೆಗೆ ಹಾಕಿಕೊಟ್ಟಳು. “ಅತ್ತೆ, ಸೀರೆ ಅಂಚಿಗೆ ಕೆಮ್ಮಣ್ಣು ಮೆತ್ತಿದೆ.”

“ಸೊಪ್ಪು ಕೀಳೋಕೆ ಹೋಗಿದ್ದೆ.”

“ಸೊಪ್ಪೆಲ್ಲಿ?”

“ಎಳೇದಿತ್ತು, ಬಿಟ್ಟು ಬಂದೆ.”

ಒಂದು ವಾರ ಬಳ್ಳಿಗಳು ಹಾಗೇ ನಿಂತವು. ಒಂಬತ್ತನೆಯ ದಿನ ತುದಿಯೆಲೆಗಳು ಸೋತವು. ಹನ್ನೆರಡನೆಯ ದಿನಕ್ಕೆ ಆರೂ ಬಳ್ಳಿ ಹಳದಿಗೆ ತಿರುಗಿ, ಗೊಂಚಲು ಕಳಚಿ ಕಳಚಿ ಬಿದ್ದವು. ಗುರುಸಿದ್ದಮ್ಮನಿಗೆ ಊಟ ಸೇರತೊಡಗಿತು. ಎರಡು ಕಡುಬಿನ ಜಾಗದಲ್ಲಿ ನಾಲ್ಕು ತಿಂದಳು. “ತುಪ್ಪ ಹಾಕು ಸುಧಾ, ಹಬ್ಬ ಬಂದಾಗಲೇ ತಿನ್ನಬೇಕಾ?” ಎಂದಳು. ಬೇಲಿಯ ಬಳಿ ನಿಂತು ತಲೆಯ ಮೇಲೆ ಕೈ ಹೊತ್ತ ನವೀನನನ್ನು ದಿನಾ ನೋಡಿಕೊಂಡು ಬಂದಳು.

ನವೀನ ಫೋನಿನಲ್ಲಿ ಫೋಟೋ ತೆಗೆದು ಪೇಟೆಯ ಔಷಧಿ ಅಂಗಡಿಗೆ ಒಯ್ದ. ಅಂಗಡಿಯವನು ಫೋಟೋ ನೋಡಿಯೇ ಹೇಳಿದ: ಸೊರಗು ರೋಗ. ಈ ಸಲ ಮಳೆ ಎಳೆದದ್ದರಿಂದ ಎಲ್ಲ ಕಡೆ ಇದೆ. ಮಣ್ಣಿನಲ್ಲೇ ಹರಡುತ್ತದೆ. ನವೀನನ ಹೆಂಡತಿ ಅದನ್ನು ಒಪ್ಪಲಿಲ್ಲ. ತಮ್ಮ ತೋಟದಲ್ಲಿ ಬೇರೆಲ್ಲೂ ಬಾರದ್ದು ಸಮಾಧಿಯ ಎದುರಿನ ಆರೇ ಬಳ್ಳಿಗೆ ಬಂದಿದೆ ಎಂದರೆ ಅದು ರೋಗವಲ್ಲ, ಹಿರಿಯರ ಸಿಟ್ಟು ಎಂದು ಅಳತೊಡಗಿದಳು. ಕಲ್ಲನ್ನು ಹುಡುಕಿಸಲೇಬೇಕೆಂದು ಹಟ ಹಿಡಿದಳು. ಹುಡುಕಿದರೆ ಕಲ್ಲು ಎಷ್ಟು ದೂರ?

ಸೋಮವಾರ ನವೀನ ಕಲ್ಲನ್ನು ತೊಳೆದು, ಇಬ್ಬರು ಆಳುಗಳ ಜೊತೆ ತಾನೂ ಹೆಗಲು ಕೊಟ್ಟು ಹೊತ್ತು ತಂದ. ಸಮಾಧಿಯ ಅಂಚು ಕಟ್ಟಿದ. ತನ್ನ ಕೈಯಿಂದಲೇ ಸಿಮೆಂಟು ಮೆತ್ತಿ ಕಲ್ಲು ಕೂರಿಸಿದ. ಅಯ್ನೋರು ಬಂದು ಪೂಜೆ ಮಾಡಿದರು. ಸೇರಿದ್ದ ಊರವರ ಎದುರಿಗೇ ಗಂಡಹೆಂಡಿರು ಅಡ್ಡಬಿದ್ದರು.

“ಬೆಂಕಿ ಹಾಕೋ ಜಾಗದಲ್ಲಿ ಮಗುಚಿ ಬಿದ್ದಿತ್ತು ದೊಡ್ಡಮ್ಮ. ದೇವರಾಣೆ ನಾನು ನೋಡಿರಲಿಲ್ಲ. ನೀವು ಅಂದಾಗಲೇ ಹುಡುಕಬೇಕಿತ್ತು. ತಪ್ಪಾಯ್ತು.”

ಗುರುಸಿದ್ದಮ್ಮ ಅವನ ಬಾಗಿದ ನೆತ್ತಿಯನ್ನು ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ಅದರ ಮೇಲೆ ಕೈಯಿಟ್ಟಳು. “ಒಳ್ಳೇದಾಗ್ಲಿ” ಎಂದಳು.

ಆ ರಾಜಿಯ ಖುಷಿಯಲ್ಲೇ ಗುರುವಾರ ನಾಗಾರ್ಜುನ ಊಟದ ಹೊತ್ತಿಗೆ ಹೇಳಿದ: “ಅವ್ವ, ಒಂದು ಬೇಜಾರಿನ ವಿಷಯ. ನವೀನ ಪಾಪ, ತಾನಾಗಿ ಬಂದು ಎಚ್ಚರಿಸಿದ. ಸೊರಗು ರೋಗ ಬಂದ ಬಳ್ಳಿಯ ಸುತ್ತ ಮೂವತ್ತು ಅಡಿ ಒಂದೂ ಮೆಣಸಿನ ಬಳ್ಳಿ ಇರಬಾರದಂತೆ. ಇಲ್ಲದಿದ್ರೆ ಒಳಗಿನ ಮುನ್ನೂರು ಬಳ್ಳಿಗೂ ನುಗ್ಗುತ್ತಂತೆ.”

“ಅಂದ್ರೆ?”

“ನಿನ್ನ ಸಾಲು ಕೀಳಬೇಕು. ನಾಳೆ.”

ಗುರುಸಿದ್ದಮ್ಮ ಕಲಸಿದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು. “ಬುಡಕ್ಕೆ ಔಷಧಿ ಹೊಯ್ಯಿ. ಮೈಲುತುತ್ತು ಸುಣ್ಣ ಕಲಸಿ.”

“ಹೊಯ್ದರೆ ಆಗಲ್ಲವಂತೆ.”

“ಈ ವರ್ಷದ ಗೊಂಚಲು ಕುಯ್ಕೊಂಡು ಆಮೇಲೆ ಕೀಳು.”

“ಅಷ್ಟರಲ್ಲಿ ತೋಟವೆಲ್ಲ ಒಣಗಿರುತ್ತೆ. ನನಗೇನು ಸಂತೋಷವಾ ಅವ್ವ? ನಾನು ಹುಟ್ಟೋಕೆ ಮುಂಚಿನ ಬಳ್ಳಿ ಅವು.”

“ಅಪ್ಪ, ಯಾರಾದ್ರೂ ತೋಟಗಾರಿಕೆ ಆಫೀಸರ್‌ಗೆ ತೋರಿಸಬಹುದಲ್ಲ” ಎಂದಳು ಶಾಂಭವಿ. “ಬೇರು ಕಿತ್ತು ನೋಡಿದ್ರೆ ಗೊತ್ತಾಗುತ್ತೆ.”

“ಬೇಡ” ಎಂದಳು ಗುರುಸಿದ್ದಮ್ಮ ತಟ್ಟನೆ. ಮೂವರೂ ಅವಳ ಕಡೆ ನೋಡಿದರು. “ಕೀಳೋದಾದ್ರೆ ಕಿತ್ತುಬಿಡಿ. ಊರವರನ್ನೆಲ್ಲ ಯಾಕೆ ಕರೀತೀರಿ?”

ಮರುದಿನ ಬೆಳಿಗ್ಗೆ ಸುಧಾ ರೊಟ್ಟಿ ತಟ್ಟುತ್ತಿದ್ದಳು. ಗುರುಸಿದ್ದಮ್ಮ ಬೇಯಿಸುತ್ತಿದ್ದಳು. ಹೊರಗೆ ನಾಗಾರ್ಜುನ ಕತ್ತಿ ಮಸೆಯುವ ಸದ್ದು ಬರುತ್ತಿತ್ತು. ಸುಧಾ ತಲೆಯೆತ್ತದೆ ಹೇಳಿದಳು:

“ಅತ್ತೆ, ಮದುವೆ ದಿನದ ಆ ಸೀರೆ ಮೂರು ಸಲ ಒಗೆದೆ. ಮಣ್ಣಿನ ಕಲೆ ಹೋಯ್ತು. ಬಳ್ಳಿಯ ಕರೆ ಹೋಗಿಲ್ಲ.”

ಗುರುಸಿದ್ದಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

“ಹೇಳೋದೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಅವರು ಇನ್ನೂ ಅಂಗಳದಲ್ಲಿದ್ದಾರೆ.”

“ಹೇಳಿದ್ರೆ ನವೀನ ಕಲ್ಲು ಉಳಿಸ್ತಾನಾ? ಹೆದರಿ ತಂದವನು. ಹೆದರಿಕೆ ಹೋದರೆ ಕಲ್ಲೂ ಹೋಗುತ್ತೆ.”

“ಹನ್ನೊಂದು ಬಳ್ಳಿ, ಅತ್ತೆ.”

“ರೊಟ್ಟಿ ಸೀಯ್ತಾ ಇದೆ, ನಿನ್ನ ಮಾತು ಕೇಳ್ತಾ ಕೂತರೆ” ಎಂದು ಗುರುಸಿದ್ದಮ್ಮ ಬರಿಗೈಯಲ್ಲೇ ರೊಟ್ಟಿ ಮಗುಚಿದಳು.

ನವೀನ ಇಬ್ಬರು ಆಳುಗಳೊಂದಿಗೆ ಬಂದ. ರೋಗದ ಬಳ್ಳಿ ಮುಟ್ಟಿದ ಕೈಯಲ್ಲಿ ಒಳ್ಳೆಯ ಬಳ್ಳಿ ಮುಟ್ಟಬಾರದೆಂದು ಅಂಗಡಿಯವನು ಹೇಳಿದ್ದರಿಂದ ಗುರುಸಿದ್ದಮ್ಮನ ಸಾಲನ್ನೇ ಮೊದಲು ಹಿಡಿದರು. ಸುಧಾ ಮನೆಯ ಕಟ್ಟೆಯಲ್ಲೇ ನಿಂತಳು. ಗುರುಸಿದ್ದಮ್ಮ ಸಮಾಧಿಯ ಪಕ್ಕ ನಿಂತಳು.

ಮೊದಲನೆಯ ಬಳ್ಳಿ ಸುಲಭಕ್ಕೆ ಬರಲಿಲ್ಲ. ಗುದ್ದಲಿ ಹಾಕಿ, ಇಬ್ಬರು ಜಗ್ಗಿದಾಗ ಬೇರುಗಳು ಪಟಪಟನೆ ಹರಿದು ಮೇಲೆದ್ದವು. ಬೆಳ್ಳಗೆ, ಒದ್ದೆಯಾಗಿ, ಮಣ್ಣು ಕಚ್ಚಿಕೊಂಡೇ ಬಂದವು. ನಾಗಾರ್ಜುನ ಹಿಡಿದು ನೋಡಿ, “ಇದಕ್ಕೆ ಇನ್ನೂ ತಗುಲೇ ಇಲ್ಲ ನೋಡು” ಎಂದ. ಎರಡನೆಯದು ಬಂತು. ಐದನೆಯದು ಬಂತು. ಗೊಂಚಲು ಕಾಲಡಿಗೆ ಸಿಕ್ಕಿ ಒಡೆದು ಮೆಣಸಿನ ಹಸಿ ಘಾಟು ಎದ್ದಿತು. ಗುರುಸಿದ್ದಮ್ಮ ಒಂದೊಂದನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಹತ್ತನೆಯದು ಬಿದ್ದಾಗ ಆಳುಗಳು ಬೆವರೊರೆಸಿಕೊಳ್ಳಲು ನಿಂತರು.

“ಅದೊಂದಕ್ಕೆ ನಾಲ್ಕು ಜನ ಯಾಕೆ, ನಾನು ನನ್ನದು ಶುರುಮಾಡ್ತೀನಿ” ಎಂದು ನವೀನ ಬೇಲಿ ದಾಟಿದ.

“ನಿನ್ನದು ನಿಂತಲ್ಲೇ ಸುಟ್ಟುಬಿಡು ನವೀನ” ಎಂದಳು ಗುರುಸಿದ್ದಮ್ಮ. ಬಳ್ಳಿ ಕೀಳಲು ಶುರುವಾದಾಗಿನಿಂದ ಅವಳಾಡಿದ ಮೊದಲ ಮಾತು.

“ಮರ ಹೋಗುತ್ತಲ್ಲ ದೊಡ್ಡಮ್ಮ.”

ಅವನು ಎರಡೂ ಕೈಯಿಂದ ಬಳ್ಳಿ ಹಿಡಿದು, ಕಾಲು ಊರಿ, ಬಲವಾಗಿ ಜಗ್ಗಿದ. ಬಳ್ಳಿ ತಡೆಯಿಲ್ಲದೆ ಬಂತು. ಅವನು ಹಿಂದಕ್ಕೆ ಬಿದ್ದ. ಕೂತಲ್ಲೇ ಬುಡ ತಿರುಗಿಸಿ ನೋಡಿದ. ಓರೆಯಾಗಿ, ನುಣ್ಣಗೆ ಕತ್ತರಿಸಿದ ಬುಡ. ಎದ್ದು ಎರಡನೆಯದನ್ನು ಎಳೆದ. ಮೂರನೆಯದನ್ನು ಎಳೆದ. ನಾಗಾರ್ಜುನ ಬೇಲಿಯ ಹತ್ತಿರ ಬಂದು, ಬುಡದ ಆ ಓರೆಯನ್ನು ಹೆಬ್ಬೆರಳಿಂದ ಸವರಿದ. ಅದು ಎಡಗೈ ಏಟಿನ ಓರೆ. ಮನೆಯಲ್ಲಿ ಎಡಗೈಯಲ್ಲಿ ಕತ್ತಿ ಹಿಡಿಯುವವರು ಒಬ್ಬರೇ. ಅವನು ತಿರುಗಿದ.

“ಅವ್ವ?”

“ನಿನ್ನ ಬಳ್ಳಿಗೆ ರೋಗ ಬಂದಿರಲಿಲ್ಲ ಕಣೋ ನವೀನ” ಎಂದಳು ಗುರುಸಿದ್ದಮ್ಮ. “ನಾನು ಬಂದಿದ್ದೆ.”

ನವೀನ ಕೈಯಲ್ಲಿದ್ದ ಒಣಬಳ್ಳಿಯನ್ನು ನೋಡಿದ, ತಾನೇ ಕೂರಿಸಿದ ಕಲ್ಲನ್ನು ನೋಡಿದ.

“ನೋಡ್ತೀಯ ಏನು? ನಿನ್ನ ಕೈಯಲ್ಲೇ ಸಿಮೆಂಟು ಹಾಕಿದ್ದೀಯ. ಊರ ಮುಂದೆ ಅಡ್ಡಬಿದ್ದಿದ್ದೀಯ. ಕೀಳೋ ಹಾಗಿದ್ರೆ ಬಂದು ಕೀಳು.”

ನವೀನ ಮುಂದೆ ಬರಲಿಲ್ಲ. ಬೇಲಿಯೀಚೆ ಬಿದ್ದಿದ್ದ ಹತ್ತು ಬಳ್ಳಿಗಳ ಮೇಲೆ, ಅವುಗಳ ಬಿಳಿ ಬೇರಿನ ಮೇಲೆ ಅವನ ಕಣ್ಣು ಹರಿಯಿತು. ಮುಖದಲ್ಲಿದ್ದ ಸಿಟ್ಟು ಇಳಿದು, ಅದಕ್ಕಿಂತ ಕೆಟ್ಟದ್ದೊಂದು ಬಂತು. ಅವನಿಗೆ ಅವಳನ್ನು ಕಂಡು ಅಯ್ಯೋ ಎನಿಸಿತ್ತು.

“ನನ್ನ ಆರಕ್ಕೆ ನಿಮ್ಮ ಹತ್ತು ಕೊಟ್ರಲ್ಲ ದೊಡ್ಡಮ್ಮ” ಎಂದ ಮೆಲ್ಲಗೆ. “ಬಿಡು ನಾಗಣ್ಣ, ಹನ್ನೊಂದನೇದು ಕೀಳಬೇಡ. ಅದೊಂದು ಇರಲಿ ಅವರಿಗೆ. ನಾನೇನೂ ಕೇಳಲ್ಲ.”

ನಾಗಾರ್ಜುನನ ಕಣ್ಣು ತುಂಬಿತು. “ಅಷ್ಟಾದ್ರೂ ಉಳೀತು” ಎಂದು ಕತ್ತಿ ಕೆಳಗಿಟ್ಟ.

ಗುರುಸಿದ್ದಮ್ಮ ಬಗ್ಗಿ ಆ ಕತ್ತಿ ಎತ್ತಿಕೊಂಡಳು. ಹನ್ನೊಂದನೆಯ ಮರದ ಬುಡಕ್ಕೆ ಹೋಗಿ, ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತಳು. “ಅವ್ವ, ಬೇಡ!” ಎಂದು ನಾಗಾರ್ಜುನ ಓಡಿ ಬರುವಷ್ಟರಲ್ಲಿ ಏಟು ಬಿದ್ದಿತ್ತು.

“ಅವನು ಬಿಟ್ಟುಕೊಟ್ಟದ್ದು ನನಗೆ ಬೇಡ” ಎಂದಳು.